ದುರಸ್ತಿಯ ಹಣ ಹಕ್ಕೋ, ಅರ್ಜಿಯೋ: ಅರಿಝೋನಾದ ಶಾಲಾ ಕಟ್ಟಡಗಳ ಪ್ರಕರಣ

ಅಮೆರಿಕದ ಅರಿಝೋನಾ ರಾಜ್ಯದ ಸುಪ್ರೀಂ ಕೋರ್ಟು 1994ರ ಜುಲೈನಲ್ಲಿ ಒಂದು ತೀರ್ಪು ನೀಡಿತು. ಸರ್ಕಾರಿ ಶಾಲೆಗಳ ಕಟ್ಟಡಗಳಿಗೆ ಆ ರಾಜ್ಯ ಹಣ ಒದಗಿಸುತ್ತಿದ್ದ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೇ ವಿರುದ್ಧವಾಗಿದೆ ಎಂಬುದು ಅದರ ಸಾರ. ಶಾಲೆಗಳ ಹಣಕಾಸಿನ ಬಗ್ಗೆ ಅಮೆರಿಕದಲ್ಲಿ ನಡೆದ ಮೊಕದ್ದಮೆಗಳು ಹಲವು, ಆದರೆ ಅವುಗಳಲ್ಲಿ ಹೆಚ್ಚಿನವು ಶಿಕ್ಷಕರ ಸಂಬಳ, ಪುಸ್ತಕ, ದಿನನಿತ್ಯದ ಖರ್ಚುಗಳ ಸುತ್ತ ಸುತ್ತಿದಂಥವು. ಮಾಳಿಗೆ, ಗೋಡೆ, ಕೊಳಾಯಿ, ತಂಪುಯಂತ್ರ ಇವುಗಳ ಹಣವನ್ನೇ ಕೇಂದ್ರವಾಗಿಟ್ಟುಕೊಂಡು ರಾಜ್ಯವೊಂದರ ಅತ್ಯುನ್ನತ ನ್ಯಾಯಾಲಯದ ಮುಂದೆ ನಿಂತು ಗೆದ್ದ ಪ್ರಕರಣಗಳಲ್ಲಿ 'ರೂಸ್‌ವೆಲ್ಟ್ ಪ್ರಾಥಮಿಕ ಶಾಲಾ ಜಿಲ್ಲೆ ವಿರುದ್ಧ ಬಿಷಪ್' ಎಂಬ ಈ ಪ್ರಕರಣ ಬಹಳ ಮುಖ್ಯವಾದದ್ದು.

ಬಡ ಜಿಲ್ಲೆಗಳು ಗೆದ್ದವು ಎಂಬುದಷ್ಟೇ ಇದನ್ನು ಕೂಲಂಕಷವಾಗಿ ನೋಡಲು ಕಾರಣವಲ್ಲ. ಗೆದ್ದ ಮೇಲೆ ರಾಜ್ಯವು ಕಾಗದದ ಮೇಲೆ ಬಹುಮಟ್ಟಿಗೆ ಸರಿಯಾದ ಕಾನೂನನ್ನೇ ಮಾಡಿತು, ಆರಂಭದ ವರ್ಷಗಳಲ್ಲಿ ದೊಡ್ಡ ಮೊತ್ತವನ್ನೂ ಖರ್ಚು ಮಾಡಿತು. ಹೀಗಿದ್ದೂ 2025ರ ಆಗಸ್ಟಿನಲ್ಲಿ ಅದೇ ರಾಜ್ಯದ ಇನ್ನೊಂದು ನ್ಯಾಯಾಲಯ, ಕಟ್ಟಡಗಳಿಗೆ ಹಣ ಒದಗಿಸುವ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ಮತ್ತೊಮ್ಮೆ ಹೇಳಬೇಕಾಯಿತು. ಗೆಲುವಿಗೂ ಈ ಎರಡನೆಯ ತೀರ್ಪಿಗೂ ನಡುವೆ ಏನು ತಪ್ಪಿತು ಎಂಬುದೇ ಈ ಅಧ್ಯಯನದ ವಿಷಯ. ನನ್ನ ತಿಳಿವಳಿಕೆಯಲ್ಲಿ ತಪ್ಪಿದ್ದು ಒಂದೇ ಕಡೆ: ಕಟ್ಟಡದ ನಿಯಮಿತ ದುರಸ್ತಿಗೆ ಲೆಕ್ಕದ ಪ್ರಕಾರ, ಕೇಳದೆಯೇ ಪ್ರತಿವರ್ಷ ಬರಬೇಕಾಗಿದ್ದ ಹಣವು, ಹಾಳಾದ ಮೇಲೆ ಅರ್ಜಿ ಹಾಕಿ ಪಡೆಯಬೇಕಾದ ನೆರವಾಗಿ ಬದಲಾಯಿತು.

ಹಣ ಬರುತ್ತಿದ್ದ ದಾರಿ

ಅರಿಝೋನಾದ ಶಾಲಾ ವ್ಯವಸ್ಥೆ ನಮ್ಮ ಓದುಗರಿಗೆ ಪರಿಚಿತವಾದದ್ದಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯೊಂದರ ಕೊಠಡಿಗೆ ಹಣ ಬರುವುದು ಶಿಕ್ಷಣ ಇಲಾಖೆ, ಸಮಗ್ರ ಶಿಕ್ಷಣ ಯೋಜನೆ, ಪಂಚಾಯತ್ ವ್ಯವಸ್ಥೆ, ಶಾಸಕರ ನಿಧಿ ಇಂಥ ಮೂಲಗಳಿಂದ. ಆ ಊರಿನ ಮನೆಗಳ ಬೆಲೆ ಎಷ್ಟು ಎಂಬುದಕ್ಕೂ ಶಾಲೆಯ ಮಾಳಿಗೆಗೂ ನೇರ ಸಂಬಂಧವಿಲ್ಲ. ಅಮೆರಿಕದಲ್ಲಿ ಆ ಸಂಬಂಧ ನೇರವಾಗಿಯೇ ಇದೆ. ಅಲ್ಲಿ ಶಾಲಾ ಜಿಲ್ಲೆ ಎಂಬುದು ಚುನಾಯಿತ ಮಂಡಳಿಯುಳ್ಳ ಪ್ರತ್ಯೇಕ ಸ್ಥಳೀಯ ಸಂಸ್ಥೆ. ಅದು ತನ್ನ ಗಡಿಯೊಳಗಿನ ಆಸ್ತಿಗಳ ಮೇಲೆ ತೆರಿಗೆ ಹಾಕುತ್ತದೆ, ಮತ್ತು ಹೊಸ ಕಟ್ಟಡ ಅಥವಾ ದೊಡ್ಡ ನವೀಕರಣ ಬೇಕಾದಾಗ ಮತದಾರರ ಒಪ್ಪಿಗೆ ಪಡೆದು ಬಾಂಡ್ ಮೂಲಕ ಸಾಲ ಎತ್ತಿ, ಆ ಸಾಲವನ್ನು ಅದೇ ಆಸ್ತಿ ತೆರಿಗೆಯಿಂದ ವರ್ಷಗಳ ಕಾಲ ತೀರಿಸುತ್ತದೆ.

1980ರ ಸುಧಾರಣೆಯಲ್ಲಿ ಅರಿಝೋನಾ ದೈನಂದಿನ ನಿರ್ವಹಣೆಯ ವೆಚ್ಚವನ್ನು ಬಹುಮಟ್ಟಿಗೆ ಸಮಗೊಳಿಸಿತ್ತು. ಪ್ರತಿ ವಿದ್ಯಾರ್ಥಿಗೆ ಇಂತಿಷ್ಟು ಎಂದು ನಿಗದಿ ಮಾಡಿ, ಸ್ಥಳೀಯ ತೆರಿಗೆಯಿಂದ ಅಷ್ಟು ಹುಟ್ಟದ ಕಡೆ ಕೊರತೆಯನ್ನು ರಾಜ್ಯವೇ ತುಂಬಿಕೊಡುವ ಏರ್ಪಾಡು ಅದು. ಕಟ್ಟಡಗಳ ವಿಷಯಕ್ಕೆ ಮಾತ್ರ ಈ ಸಮೀಕರಣ ಅರೆಬರೆಯಾಗಿ ಉಳಿಯಿತು. ದೊಡ್ಡ ಕಾಮಗಾರಿಗಳೆಲ್ಲ ಬಾಂಡನ್ನೇ, ಅಂದರೆ ಜಿಲ್ಲೆಯ ಆಸ್ತಿಯ ಮೌಲ್ಯವನ್ನೇ ನೆಚ್ಚಿಕೊಂಡಿದ್ದವು.

ಆ ಮೌಲ್ಯದಲ್ಲಿನ ಅಂತರ ಎಷ್ಟಿತ್ತು ಎಂಬುದನ್ನು ತೀರ್ಪಿನಲ್ಲೇ ದಾಖಲಾದ ಎರಡು ಅಂಕಿಗಳು ತೋರಿಸುತ್ತವೆ. ರೂತ್ ಫಿಶರ್ ಎಂಬ ಪ್ರಾಥಮಿಕ ಶಾಲಾ ಜಿಲ್ಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ 58 ಲಕ್ಷ ಡಾಲರ್ ಮೌಲ್ಯದ ತೆರಿಗೆಯೋಗ್ಯ ಆಸ್ತಿ ಇತ್ತು. ಸ್ಯಾನ್ ಕಾರ್ಲೋಸ್ ಏಕೀಕೃತ ಜಿಲ್ಲೆಯಲ್ಲಿ, ಅಂದರೆ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೆರಡೂ ಒಂದೇ ಮಂಡಳಿಯ ಕೆಳಗಿರುವ ಜಿಲ್ಲೆಯಲ್ಲಿ, ಪ್ರತಿ ವಿದ್ಯಾರ್ಥಿಗೆ ಇದ್ದದ್ದು 749 ಡಾಲರ್. ನೂರು ಡಾಲರ್ ಮೌಲ್ಯಕ್ಕೆ ಒಂದು ಡಾಲರಿನ ತೆರಿಗೆಯನ್ನು ಎರಡೂ ಜಿಲ್ಲೆಗಳು ಹಾಕಿದವು ಎಂದುಕೊಳ್ಳೋಣ. ಮೊದಲನೆಯದಕ್ಕೆ ಪ್ರತಿ ಮಗುವಿಗೆ 58,000 ಡಾಲರ್ ಹುಟ್ಟುತ್ತದೆ, ಎರಡನೆಯದಕ್ಕೆ ಏಳೂವರೆ ಡಾಲರೂ ಹುಟ್ಟುವುದಿಲ್ಲ. ಸಾಲ ಎತ್ತೋಣವೆಂದರೆ, ಸಾಲದ ಮಿತಿಯೂ ಆಸ್ತಿ ಮೌಲ್ಯದ ಶೇಕಡಾವಾರು ಲೆಕ್ಕದಲ್ಲೇ ಇತ್ತು. ಏಕೀಕೃತ ಜಿಲ್ಲೆಗಳಿಗೆ ರಾಜ್ಯ ಸಂವಿಧಾನ ವಿಧಿಸಿದ್ದ ಶೇಕಡಾ 30ರ ಮಿತಿಯವರೆಗೂ ಸ್ಯಾನ್ ಕಾರ್ಲೋಸ್ ಸಾಲ ಮಾಡಿದರೂ ಪ್ರತಿ ವಿದ್ಯಾರ್ಥಿಗೆ ಸುಮಾರು 225 ಡಾಲರ್ ಸಿಗುತ್ತಿತ್ತು. ಅಷ್ಟರಲ್ಲಿ ಒಂದು ಕೊಠಡಿಯ ಮಾಳಿಗೆಯನ್ನೂ ಬದಲಿಸಲಾಗದು.

ಈ ಅಂತರಕ್ಕೆ ಕಾರಣ ಒಂದು ಊರಿನವರು ದುಡಿಮೆಗಾರರು, ಇನ್ನೊಂದು ಊರಿನವರು ಸೋಮಾರಿಗಳು ಎಂಬುದಾಗಿರಲಿಲ್ಲ. ರೂತ್ ಫಿಶರ್ ಜಿಲ್ಲೆಯ ಗಡಿಯೊಳಗೆ ಪಾಲೋ ವರ್ಡೆ ಅಣುವಿದ್ಯುತ್ ಸ್ಥಾವರ ಇತ್ತು. ಅದು ಅಮೆರಿಕದ ಅತಿ ದೊಡ್ಡ ಅಣುಸ್ಥಾವರಗಳಲ್ಲೊಂದು. ಸ್ಯಾನ್ ಕಾರ್ಲೋಸ್ ಇರುವುದು ಅಪಾಚೆ ಮೂಲನಿವಾಸಿಗಳ ಮೀಸಲು ಪ್ರದೇಶದಲ್ಲಿ, ಮತ್ತು ಒಕ್ಕೂಟ ಸರ್ಕಾರದ ನ್ಯಾಸದಲ್ಲಿರುವ ಆ ನೆಲದ ಮೇಲೆ ಶಾಲಾ ಜಿಲ್ಲೆ ತೆರಿಗೆ ಹಾಕುವಂತಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಾಲೋ ವರ್ಡೆಯ ವಿದ್ಯುತ್ತನ್ನು ಬಳಸುವವರು ಫೀನಿಕ್ಸ್ ನಗರದವರು, ಅಕ್ಕಪಕ್ಕದ ರಾಜ್ಯಗಳವರು. ಸ್ಥಾವರದ ಮೇಲಿನ ತೆರಿಗೆ ಕೊನೆಗೆ ಅವರ ವಿದ್ಯುತ್ ಬಿಲ್ಲಿನಲ್ಲೇ ಸೇರುತ್ತದೆ. ಹಾಗೆ ಲಕ್ಷಾಂತರ ಮನೆಗಳಿಂದ ಬಂದ ಹಣವು, ಸ್ಥಾವರ ಎಲ್ಲಿ ನಿಂತಿದೆ ಎಂಬ ಒಂದೇ ಕಾರಣಕ್ಕೆ, ಒಂದು ಪುಟ್ಟ ಜಿಲ್ಲೆಯ ಶಾಲೆಗಳಿಗೆ ಸೇರುತ್ತಿತ್ತು. ಸ್ಥಳೀಯರ ಹಣ ಸ್ಥಳೀಯರಿಗೆ ಎಂಬ ವಾದ ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ಆದರೆ ಈ ಉದಾಹರಣೆಯಲ್ಲಿ ಆ ಹಣವನ್ನು ಸ್ಥಳೀಯರದ್ದು ಎನ್ನಲು ಆಧಾರವೇ ಸಿಗುವುದಿಲ್ಲ.

ಪ್ರಕರಣಕ್ಕೆ ಹೆಸರು ಕೊಟ್ಟ ರೂಸ್‌ವೆಲ್ಟ್ ಜಿಲ್ಲೆ ಇರುವುದು ದಕ್ಷಿಣ ಫೀನಿಕ್ಸಿನಲ್ಲಿ. ನಗರದ ಲ್ಯಾಟಿನೋ ಮತ್ತು ಕಪ್ಪು ಜನಾಂಗದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ, ಗೃಹಸಾಲದಿಂದ ಹಿಡಿದು ರಸ್ತೆ ಚರಂಡಿಯವರೆಗೆ ದೀರ್ಘಕಾಲದ ತಾರತಮ್ಯವನ್ನು ಅನುಭವಿಸಿದ ಭಾಗ ಅದು. ಆಸ್ತಿಯ ಬೆಲೆ ಅಲ್ಲಿ ತಾನಾಗಿ ಕಡಿಮೆ ಇದ್ದದ್ದಲ್ಲ, ಹಿಂದಿನ ನೀತಿಗಳೇ ಅದನ್ನು ತಗ್ಗಿಸಿದ್ದವು. ಅಂಥ ಬೆಲೆಯ ಮೇಲೆ ಶಾಲೆಯ ಕಟ್ಟಡವನ್ನು ನಿಲ್ಲಿಸುವುದೆಂದರೆ ತಂದೆತಾಯಿಗೆ ಆದ ಅನ್ಯಾಯವನ್ನು ಮಕ್ಕಳಿಗೂ ದಾಟಿಸಿದಂತೆ.

ನ್ಯಾಯಾಲಯ ಹೇಳಿದ್ದು, ಹೇಳದೆ ಬಿಟ್ಟದ್ದು

1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಪ್ರಕರಣದಲ್ಲಿ, ಶಿಕ್ಷಣವು ಒಕ್ಕೂಟ ಸಂವಿಧಾನದ ಮೂಲಭೂತ ಹಕ್ಕಲ್ಲ ಎಂದು 5–4ರ ಬಹುಮತದಿಂದ ತೀರ್ಮಾನಿಸಿತ್ತು. ಅದೇ ವರ್ಷ ಅರಿಝೋನಾದ ಸುಪ್ರೀಂ ಕೋರ್ಟು ಕೂಡ ಶಾಲಾ ಹಣಕಾಸಿನ ವಿರುದ್ಧದ ಒಂದು ಮೊಕದ್ದಮೆಯನ್ನು ತಳ್ಳಿಹಾಕಿತ್ತು. ಆದ್ದರಿಂದ 1991ರಲ್ಲಿ ರೂಸ್‌ವೆಲ್ಟ್ ಮತ್ತಿತರ ಜಿಲ್ಲೆಗಳು, ಪೋಷಕರು ಹಾಗೂ ವಿದ್ಯಾರ್ಥಿಗಳು ದಾವೆ ಹೂಡಿದಾಗ ಅವರ ಪಾಲಿಗೆ ಉಳಿದಿದ್ದ ಗಟ್ಟಿ ಆಧಾರವೆಂದರೆ ರಾಜ್ಯ ಸಂವಿಧಾನದ ಹನ್ನೊಂದನೆಯ ಅಧ್ಯಾಯದ ಮೊದಲ ವಿಧಿ. ರಾಜ್ಯದಾದ್ಯಂತ ಸಾರ್ವತ್ರಿಕವೂ ಏಕರೂಪವೂ ಆದ ಸಾರ್ವಜನಿಕ ಶಾಲಾ ವ್ಯವಸ್ಥೆಯನ್ನು ಸ್ಥಾಪಿಸಿ ನಿರ್ವಹಿಸಬೇಕೆಂದು ಆ ವಿಧಿ ಶಾಸಕಾಂಗಕ್ಕೆ ವಿಧಿಸುತ್ತದೆ. ಪ್ರತಿವಾದಿಯಾಗಿದ್ದವರು ಆಗಿನ ರಾಜ್ಯ ಶಿಕ್ಷಣ ಅಧೀಕ್ಷಕಿ ಡಯೇನ್ ಬಿಷಪ್. ಕೆಳ ನ್ಯಾಯಾಲಯದಲ್ಲಿ ದಾವೆ ಬಿದ್ದುಹೋಯಿತು. ಸುಪ್ರೀಂ ಕೋರ್ಟಿನಲ್ಲಿ ಎದ್ದು ನಿಂತಿತು.

ನ್ಯಾಯಮೂರ್ತಿ ಫ್ರೆಡರಿಕ್ ಮಾರ್ಟೋನ್ ಬರೆದ ಅಭಿಪ್ರಾಯದಲ್ಲಿ ಶಾಲೆಗಳ ಸ್ಥಿತಿಯ ವಿವರಣೆ ಚಿಕ್ಕದು, ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವಂಥದ್ದು. ಕೆಲವು ಜಿಲ್ಲೆಗಳಲ್ಲಿ ಕಟ್ಟಡಗಳು ಅಪಾಯಕಾರಿಯಾಗಿದ್ದವು, ಅಗ್ನಿ ಸುರಕ್ಷತೆಯ ನಿಯಮಗಳನ್ನೂ ಪಾಲಿಸುತ್ತಿರಲಿಲ್ಲ. ಆಟದ ಬಯಲೆಂದರೆ ಬರಿಯ ಮಣ್ಣಿನ ಜಾಗ. ಗ್ರಂಥಾಲಯ, ಪ್ರಯೋಗಾಲಯ, ವ್ಯಾಯಾಮಶಾಲೆ ಇಲ್ಲದ ಶಾಲೆಗಳಿದ್ದವು. ಇನ್ನು ಕೆಲವು ಜಿಲ್ಲೆಗಳಲ್ಲಿ ಒಳಾಂಗಣ ಈಜುಕೊಳ, ಗುಮ್ಮಟ ಹೊದಿಸಿದ ಕ್ರೀಡಾಂಗಣ, ದೂರದರ್ಶನ ಸ್ಟುಡಿಯೋ, ಉಪಗ್ರಹ ಸಂಪರ್ಕದ ತಟ್ಟೆಗಳು ಇದ್ದವು. ಎರಡೂ ಬಗೆಯವು ಸರ್ಕಾರಿ ಶಾಲೆಗಳೇ ಆಗಿದ್ದವು, ಒಂದೇ ಸಂವಿಧಾನದ ಕೆಳಗೆ ನಡೆಯುತ್ತಿದ್ದವು.

ಈ ತೀರ್ಪು ಕೇಳಿದ್ದು ಸರಿಸಮಾನ ಕಟ್ಟಡಗಳನ್ನಲ್ಲ. ಒಂದು ಊರಿನ ಮತದಾರರು ತಮ್ಮ ಮಕ್ಕಳಿಗೆ ಈಜುಕೊಳ ಬೇಕೆಂದು ಹೆಚ್ಚಿನ ತೆರಿಗೆ ಕೊಟ್ಟುಕೊಂಡರೆ ಅದನ್ನು ತಡೆಯುವುದಿಲ್ಲ ಎಂದೇ ನ್ಯಾಯಾಲಯ ಹೇಳಿತು. ಅದರ ಆಕ್ಷೇಪ ಇದ್ದದ್ದು ಅಂತರವನ್ನು ರಾಜ್ಯದ ವ್ಯವಸ್ಥೆಯೇ ಹುಟ್ಟಿಸುವುದರ ಮೇಲೆ. ಜಿಲ್ಲೆಗಳ ಗಡಿಗಳನ್ನು ಎಳೆದದ್ದು ರಾಜ್ಯ, ಕಟ್ಟಡಗಳನ್ನು ಆಸ್ತಿ ತೆರಿಗೆಗೆ ಕಟ್ಟಿಹಾಕಿದ್ದು ರಾಜ್ಯ, ಕೊರತೆಯನ್ನು ಅರ್ಧಂಬರ್ಧ ತುಂಬಿ ಸುಮ್ಮನಾದದ್ದೂ ರಾಜ್ಯ. ಹೀಗಿರುವಾಗ ಸ್ಥಳೀಯ ಸ್ವಾತಂತ್ರ್ಯದ ಹೆಸರನ್ನು ಹೇಳಿ ರಾಜ್ಯ ಜಾರಿಕೊಳ್ಳುವಂತಿಲ್ಲ. 749 ಡಾಲರಿನ ಜಿಲ್ಲೆಗೆ ಯಾವ ಸ್ವಾತಂತ್ರ್ಯವೂ ಇರಲಿಲ್ಲ. ಹಣವೇ ಹುಟ್ಟದ ಕಡೆ ಬೇಕು ಬೇಡ ಎಂದು ಆರಿಸಿಕೊಳ್ಳಲು ಏನಿದೆ?

ಮುಂದೆ 1997ರಲ್ಲಿ ಅದೇ ನ್ಯಾಯಾಲಯ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಕಟ್ಟಡಗಳಿಗೆ ರಾಜ್ಯವು ಕನಿಷ್ಠ ಮಾನದಂಡಗಳನ್ನು ಗೊತ್ತುಮಾಡಬೇಕು, ಯಾವ ಶಾಲೆಯೂ ಆ ಮಟ್ಟಕ್ಕಿಂತ ಕೆಳಗೆ ಬೀಳದಂತೆ ಹಣ ಒದಗಿಸಬೇಕು, ಮತ್ತು ಹಣದ ಏರ್ಪಾಡೇ ದೊಡ್ಡ ಅಂತರಕ್ಕೆ ಕಾರಣವಾಗಬಾರದು. ಮೇಲಿನ ಮಿತಿಯನ್ನು ಮುಟ್ಟದೆ ಕೆಳಗಿನ ನೆಲವನ್ನು ಗಟ್ಟಿ ಮಾಡುವ ಈ ನಿಲುವು ನನಗೆ ಸರಿಯಾಗಿ ಕಾಣುತ್ತದೆ. ಪೂರ್ಣ ಸಮಾನತೆ ಬೇಕೆಂದು ಹಟ ಹಿಡಿದಿದ್ದರೆ ಶ್ರೀಮಂತ ಜಿಲ್ಲೆಗಳ ವಿರೋಧದಲ್ಲಿ ಕಾನೂನೇ ಹುಟ್ಟುತ್ತಿರಲಿಲ್ಲ. ಆದರೆ ಈ ನಿಲುವಿಗೆ ಒಂದು ಷರತ್ತಿದೆ, ನೆಲ ನಿಜಕ್ಕೂ ಗಟ್ಟಿಯಾಗಿರಬೇಕು. ಮುಂದಿನ ಕಥೆಯೆಲ್ಲ ಈ ಷರತ್ತಿನದೇ.

ಗಡುವಿನ ಕೆಳಗೆ ಹುಟ್ಟಿದ ಕಾನೂನು

ತೀರ್ಪಿನ ನಂತರದ ನಾಲ್ಕು ವರ್ಷಗಳನ್ನು ಬೇಗ ದಾಟಬಹುದು. ಶಾಸಕಾಂಗ 1996ರಲ್ಲಿ ಒಂದು ನಿಧಿಯನ್ನು ತೆಗೆದಿಟ್ಟಿತು. ಸಾಲದು ಎಂದಿತು ನ್ಯಾಯಾಲಯ. 1997ರ ಕಾನೂನೂ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿತು. 1998ರ ಮೊದಲ ಕಾನೂನಿನಲ್ಲಿ, ಬೇಕಾದ ಜಿಲ್ಲೆಗಳು ರಾಜ್ಯದ ವ್ಯವಸ್ಥೆಯಿಂದ ಹೊರಗುಳಿದು ತಮ್ಮದೇ ಬಾಂಡಿನಿಂದ ಕಟ್ಟಿಕೊಳ್ಳಲು ಅವಕಾಶವಿತ್ತು. ಶ್ರೀಮಂತ ಜಿಲ್ಲೆಗಳು ಹೊರಗೆ ಹೋದರೆ ಒಳಗಿನ ವ್ಯವಸ್ಥೆಗೆ ರಾಜಕೀಯ ಬೆಂಬಲವೇ ಉಳಿಯುವುದಿಲ್ಲ. ಜೂನ್‌ನಲ್ಲಿ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ. ಜೂನ್ 30ರೊಳಗೆ ಸರಿಯಾದ ಕಾನೂನು ಬಾರದಿದ್ದರೆ ಶಾಲೆಗಳಿಗೆ ರಾಜ್ಯದ ಹಣದ ಹಂಚಿಕೆಯೇ ನಿಲ್ಲುವ ಬೆದರಿಕೆ ಎದುರಿಗಿತ್ತು. ಕೊನೆಗೆ 1998ರ ಜುಲೈ 9ರಂದು ರಾಜ್ಯಪಾಲೆ ಜೇನ್ ಡೀ ಹಲ್ 'ಸ್ಟೂಡೆಂಟ್ಸ್ ಫಸ್ಟ್' ಎಂಬ ಕಾನೂನಿಗೆ ಸಹಿ ಹಾಕಿದರು. ಅಮೆರಿಕದಲ್ಲಿ ರಾಜ್ಯಪಾಲರು ಚುನಾಯಿತ ಆಡಳಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಗೆ ಸಮಾನರು ಎಂಬುದು ನೆನಪಿರಲಿ.

ಈ ಕಾನೂನು ಶಾಲಾ ಸೌಲಭ್ಯಗಳ ಮಂಡಳಿಯೊಂದನ್ನು ರಚಿಸಿ ಅದರ ಕೈಗೆ ಮೂರು ನಿಧಿಗಳನ್ನು ಕೊಟ್ಟಿತು: ಆಗಲೇ ಇದ್ದ ಕೊರತೆಗಳನ್ನು ಒಮ್ಮೆಗೆ ಸರಿಪಡಿಸಲು ಒಂದು, ಹೊಸ ಶಾಲೆಗಳಿಗೆ ಒಂದು, ಇರುವ ಕಟ್ಟಡಗಳ ನವೀಕರಣಕ್ಕೆ ಒಂದು. ಮಂಡಳಿ ಕನಿಷ್ಠ ಮಾನದಂಡಗಳನ್ನೂ ಬರೆಯಿತು. ತರಗತಿಯ ಉಷ್ಣಾಂಶವನ್ನು 68ರಿಂದ 82 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ಅಂದರೆ ಸುಮಾರು 20ರಿಂದ 28 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯ್ದುಕೊಳ್ಳುವ ಸಾಮರ್ಥ್ಯ ಇರಬೇಕೆಂಬುದು ಅವುಗಳಲ್ಲೊಂದು. ಶಾಲೆ ಆರಂಭವಾಗುವ ಆಗಸ್ಟಿನಲ್ಲಿ ಹೊರಗೆ 40 ಡಿಗ್ರಿ ದಾಟುವ ಮರುಭೂಮಿಯ ನಾಡಿನಲ್ಲಿ ತಂಪುಯಂತ್ರ ಎಂಬುದು ಐಷಾರಾಮವಲ್ಲ, ಅದು ಕೆಟ್ಟ ದಿನ ಪಾಠ ನಡೆಯುವುದಿಲ್ಲ.

ಮೂರರಲ್ಲಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನವೀಕರಣ ನಿಧಿ, ಮತ್ತು ಅದರ ಸೂತ್ರವನ್ನು ವಿವರವಾಗಿಯೇ ಹೇಳಬೇಕು. ಕಟ್ಟಡವೊಂದನ್ನು ಹೊಸದಾಗಿ ಕಟ್ಟಲು ತಗಲುವ ವೆಚ್ಚವನ್ನು ತೆಗೆದುಕೊಂಡು, ಅದನ್ನು ಕಟ್ಟಡದ ವಯಸ್ಸಿನಿಂದ ಗುಣಿಸಿ, 1,275ರಿಂದ ಭಾಗಿಸಿ, ಬಂದದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನು ಆ ವರ್ಷ ಜಿಲ್ಲೆಗೆ ಕೊಡಬೇಕು. ಒಂದರಿಂದ ಐವತ್ತರವರೆಗಿನ ಸಂಖ್ಯೆಗಳನ್ನು ಕೂಡಿದರೆ ಬರುವ ಮೊತ್ತವೇ 1,275. ಅಂದರೆ ಕಟ್ಟಡದ ಆಯುಸ್ಸನ್ನು 50 ವರ್ಷವೆಂದು ಹಿಡಿದು, ಆ ಅವಧಿಯಲ್ಲಿ ಒಟ್ಟಾರೆ ಅದರ ಮರುನಿರ್ಮಾಣ ವೆಚ್ಚದ ಮೂರರಲ್ಲಿ ಎರಡು ಪಾಲು ನವೀಕರಣಕ್ಕೆ ಸಿಗುವಂತೆ, ಆದರೆ ಎಳೆಯ ವಯಸ್ಸಿನಲ್ಲಿ ಕಡಿಮೆ, ಮುಪ್ಪಿನಲ್ಲಿ ಹೆಚ್ಚು ಸಿಗುವಂತೆ ಹಂಚಿದ ಲೆಕ್ಕ ಇದು. ಒಂದು ಕೋಟಿ ಡಾಲರ್ ಮೌಲ್ಯದ ಕಟ್ಟಡಕ್ಕೆ ಹತ್ತನೆಯ ವರ್ಷದಲ್ಲಿ ಸುಮಾರು 52,000 ಡಾಲರ್ ಬರುತ್ತದೆ, ನಲವತ್ತನೆಯ ವರ್ಷದಲ್ಲಿ ಸುಮಾರು 2,09,000 ಡಾಲರ್. ದೊಡ್ಡ ನವೀಕರಣವಾದರೆ ವಯಸ್ಸಿನ ಲೆಕ್ಕ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಜಿಲ್ಲೆ ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ. ಆ ಊರಿನ ಆಸ್ತಿಯ ಬೆಲೆ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ನಮ್ಮಲ್ಲಿನ ಪದ್ಧತಿಯ ಪಕ್ಕಕ್ಕೆ ಇದನ್ನಿಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರತಿ ಸರ್ಕಾರಿ ಶಾಲೆಗೂ ವಾರ್ಷಿಕ ಸಂಯುಕ್ತ ಅನುದಾನವಿದೆ; ಅದು ಮಕ್ಕಳ ಸಂಖ್ಯೆಯನ್ನು ಅನುಸರಿಸಿ 30ರವರೆಗಿನ ಶಾಲೆಗೆ 10,000 ರೂಪಾಯಿಯಿಂದ ಹಿಡಿದು ಸಾವಿರ ದಾಟಿದ ಶಾಲೆಗೆ ಒಂದು ಲಕ್ಷದವರೆಗೆ ಏರುತ್ತದೆ. ಅರ್ಜಿಯಿಲ್ಲದೆ ಬರುವ ಹಣ ಎಂಬುದು ಅದರ ಗುಣ. ಆದರೆ ಕಟ್ಟಡದ ವಯಸ್ಸು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇಪ್ಪತ್ತೈದು ಮಕ್ಕಳಿರುವ, ಅರುವತ್ತು ವರ್ಷದ ಹೆಂಚಿನ ಶಾಲೆಗೂ, ಅಷ್ಟೇ ಮಕ್ಕಳಿರುವ ಹೋದ ವರ್ಷ ಕಟ್ಟಿದ ಶಾಲೆಗೂ ಒಂದೇ ಮೊತ್ತ. ಸೀಮೆಸುಣ್ಣ, ವಿದ್ಯುತ್ ಬಿಲ್ಲು, ಶೌಚಾಲಯದ ಶುಚಿತ್ವ ಎಲ್ಲವೂ ಅದರಲ್ಲೇ ಆಗಬೇಕಾದ್ದರಿಂದ ಮಾಳಿಗೆಯ ಕೆಲಸ ಬೇರೆ ಯೋಜನೆಗೋ, ಶಾಸಕರ ಶಿಫಾರಸಿಗೋ, ಹಳೆಯ ವಿದ್ಯಾರ್ಥಿಗಳ ಔದಾರ್ಯಕ್ಕೋ ಕಾಯುತ್ತದೆ. ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳಿರುವ ಶಾಲೆಗೂ, ಓದಿದವರೆಲ್ಲ ಕೂಲಿಗೆ ಗುಳೆ ಹೋಗುವ ಊರಿನ ಶಾಲೆಗೂ ಆ ಕಾಯುವಿಕೆ ಒಂದೇ ಆಗಿರಲು ಸಾಧ್ಯವಿಲ್ಲ.

ಸೂತ್ರ ಉಳಿಯಿತು, ಹಣ ನಿಂತಿತು

ಮೊದಲ ಹಂತದ ಕೆಲಸ ದೊಡ್ಡ ಪ್ರಮಾಣದಲ್ಲೇ ನಡೆಯಿತು. 2000ದ ನವೆಂಬರಿನಲ್ಲಿ ಮತದಾರರು 301ನೆಯ ಪ್ರಸ್ತಾವವನ್ನು ಒಪ್ಪಿ ರಾಜ್ಯದ ಮಾರಾಟ ತೆರಿಗೆಯನ್ನು ಶೇಕಡಾ 5ರಿಂದ 5.6ಕ್ಕೆ ಏರಿಸಿದರು, ಅದರ ಬಲದ ಮೇಲೆ ಕೊರತೆ ಸರಿಪಡಿಸಲು 80 ಕೋಟಿ ಡಾಲರ್ ಬಾಂಡಿಗೆ ಅನುಮತಿ ಸಿಕ್ಕಿತು. ಈ ಸರಿಪಡಿಸುವಿಕೆಗೆ ಒಟ್ಟು ಸುಮಾರು 130 ಕೋಟಿ ಡಾಲರ್ ಖರ್ಚಾಯಿತು. ಬಡ ಜಿಲ್ಲೆಗಳ ಮಕ್ಕಳು ಮೊದಲ ಬಾರಿಗೆ ಸೋರದ ಮಾಳಿಗೆಗಳನ್ನು, ಕೆಲಸ ಮಾಡುವ ತಂಪುಯಂತ್ರಗಳನ್ನು, ಗ್ರಂಥಾಲಯಗಳನ್ನು ಕಂಡರು. ಈ ಸಾಧನೆಯನ್ನು ಮುಂದಿನ ವೈಫಲ್ಯದ ನೆರಳಿನಲ್ಲಿ ಮರೆಯುವುದು ತಪ್ಪು.

ಆದರೆ ನವೀಕರಣ ನಿಧಿಯ ಹಾದಿ ಬೇರೆಯಾಯಿತು. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಬಾಂಡೂ ಇರುತ್ತದೆ, ಉದ್ಘಾಟನೆಯ ಫಲಕವೂ ಇರುತ್ತದೆ. ಪ್ರತಿವರ್ಷ ಮಾಡಬೇಕಾದ ಕೆಲಸಕ್ಕೆ ಎರಡೂ ಇಲ್ಲ, ಅದು ಬಜೆಟ್ಟಿನಲ್ಲಿ ಪ್ರತಿವರ್ಷ ಮೊದಲಿನಿಂದ ಹೋರಾಡಬೇಕು. 2001ರ ಆರ್ಥಿಕ ಹಿನ್ನಡೆಯ ನಂತರ ಶಾಸಕಾಂಗವು ಸೂತ್ರ ಹೇಳಿದ ಮೊತ್ತವನ್ನು ಪೂರ್ತಿ ಕೊಡುವುದನ್ನು ನಿಲ್ಲಿಸಿತು. ರೂಸ್‌ವೆಲ್ಟ್ ಮತ್ತಿತರ ಜಿಲ್ಲೆಗಳು ಮತ್ತೆ ನ್ಯಾಯಾಲಯಕ್ಕೆ ಹೋದವು. ಸೂತ್ರದ ಹಣವನ್ನು ಕೊಡದಿದ್ದ ಮಾತ್ರಕ್ಕೆ ಸಂವಿಧಾನದ ಉಲ್ಲಂಘನೆ ಆಗುವುದಿಲ್ಲ, ಆ ಕೊರತೆಯಿಂದ ಕಟ್ಟಡಗಳು ಮಾನದಂಡಕ್ಕಿಂತ ಕೆಳಗೆ ಬಿದ್ದಿವೆ ಎಂದು ಜಿಲ್ಲೆಗಳು ತೋರಿಸಬೇಕು ಎಂದು 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಈ ಪ್ರಕರಣದಲ್ಲಿ ಅತ್ಯಂತ ಹಾನಿಕರವಾದ ತಿರುವು ಇದೇ ಎಂದು ನನಗೆ ಅನ್ನಿಸುತ್ತದೆ. ಕಾನೂನಿನ ದೃಷ್ಟಿಯಿಂದ ಆ ಮಾತಿಗೆ ತರ್ಕವಿದೆ: ಸಂವಿಧಾನ ಖಾತ್ರಿಪಡಿಸುವುದು ಯೋಗ್ಯ ಕಟ್ಟಡವನ್ನೇ ಹೊರತು ನಿರ್ದಿಷ್ಟ ಸೂತ್ರವನ್ನಲ್ಲ. ಆದರೆ ಕಟ್ಟಡಗಳ ಸ್ವಭಾವ ಆ ತರ್ಕಕ್ಕೆ ಒಗ್ಗುವುದಿಲ್ಲ. ಮಾಳಿಗೆಯ ಹೊದಿಕೆಯನ್ನು ಈ ವರ್ಷ ಬದಲಿಸದಿದ್ದರೆ ಈ ವರ್ಷವೇ ಏನೂ ಆಗುವುದಿಲ್ಲ. ಎಂಟು ಹತ್ತು ವರ್ಷಗಳ ನಂತರ ನೀರು ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ವಿದ್ಯುತ್ ತಂತಿಗೆ ಇಳಿದಾಗ ಅದೇ ಕೆಲಸಕ್ಕೆ ಹಲವು ಪಟ್ಟು ಹಣ ಬೇಕಾಗುತ್ತದೆ. ಬಿದ್ದ ಮೇಲೆ ಬಂದು ತೋರಿಸಿ ಎನ್ನುವ ನಿಯಮವು ಹಾನಿಯನ್ನು ತಡೆಯುವ ಹಕ್ಕನ್ನು ಕಿತ್ತುಕೊಂಡು, ಹಾನಿಗೆ ಪರಿಹಾರ ಕೇಳುವ ಹಕ್ಕನ್ನಷ್ಟೇ ಉಳಿಸುತ್ತದೆ. ಆ ನಡುವಿನ ಹತ್ತು ವರ್ಷಗಳಲ್ಲಿ ಶಾಲೆ ಕಲಿತು ಹೊರಬಿದ್ದ ಮಕ್ಕಳಿಗೆ ಪರಿಹಾರ ಯಾವ ರೂಪದಲ್ಲೂ ತಲುಪುವುದಿಲ್ಲ.

2008ರ ಮಹಾಕುಸಿತದಲ್ಲಿ ಅರಿಝೋನಾದ ಖಜಾನೆ ಬಹಳ ಹೊಡೆತ ತಿಂದಿತು. ಸೂತ್ರದ ಹಣ ಸಂಪೂರ್ಣ ನಿಂತಿತು. ಅದರ ಜಾಗಕ್ಕೆ ನವೀಕರಣ ಅನುದಾನ ಎಂಬ ಹೊಸ ನಿಧಿ ಬಂದಿತು. ಹೆಸರಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಸ್ವಭಾವದಲ್ಲಿ ಪೂರ್ತಿ ಬೇರೆ. ಈಗ ಜಿಲ್ಲೆ ಅರ್ಜಿ ಹಾಕಬೇಕು, ಕಟ್ಟಡವು ಕನಿಷ್ಠ ಮಾನದಂಡಕ್ಕಿಂತ ಕೆಳಗೆ ಬಿದ್ದಿದೆ ಎಂದು ತೋರಿಸಬೇಕು, ತಾನು ನಿಯಮಿತ ನಿರ್ವಹಣೆ ಮಾಡಿದ್ದೇನೆ ಎಂಬುದಕ್ಕೆ ದಾಖಲೆ ಕೊಡಬೇಕು, ಮತ್ತು ನಿಧಿಯಲ್ಲಿ ಹಣ ಉಳಿದಿರಬೇಕು. 2013ರಲ್ಲಿ ಹಳೆಯ ಸೂತ್ರವನ್ನು ಕಾನೂನಿನಿಂದಲೇ ತೆಗೆದುಹಾಕಲಾಯಿತು. ಅದೇ ವರ್ಷ, ಜಿಲ್ಲೆಗಳು ಬಾಂಡ್ ಮೂಲಕ ಎತ್ತಬಹುದಾದ ಸಾಲಕ್ಕೆ ಸಂವಿಧಾನದ ಮಿತಿಗಿಂತ ಕೆಳಗೆ ಕಾನೂನು ಇಟ್ಟಿದ್ದ ಮಿತಿಯನ್ನು ಪ್ರಾಥಮಿಕ ಮತ್ತು ಪ್ರೌಢ ಜಿಲ್ಲೆಗಳಿಗೆ ಆಸ್ತಿ ಮೌಲ್ಯದ ಶೇಕಡಾ 5ರಿಂದ 10ಕ್ಕೆ, ಏಕೀಕೃತ ಜಿಲ್ಲೆಗಳಿಗೆ 10ರಿಂದ 20ಕ್ಕೆ ಏರಿಸಲಾಯಿತು. ಈ ಎರಡು ಕ್ರಮಗಳನ್ನು ಒಟ್ಟಿಗೆ ಓದಬೇಕು. ರಾಜ್ಯ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ನಿಮ್ಮ ಆಸ್ತಿಯ ಮೇಲೆ ನೀವೇ ಹೆಚ್ಚು ಸಾಲ ಮಾಡಿಕೊಳ್ಳಿ ಎಂದು ಹೇಳಿದಂತಾಯಿತು. ಆಸ್ತಿ ಇದ್ದವರು ಹಾಗೆಯೇ ಮಾಡಿಕೊಂಡರು. ಆಸ್ತಿ ಇಲ್ಲದವರಿಗೆ ಮಿತಿ ಎರಡು ಪಟ್ಟಾದರೂ ಕೈಗೆ ಬರುವುದು ಅಲ್ಪವೇ. 1994ರಲ್ಲಿ ನ್ಯಾಯಾಲಯ ತಪ್ಪೆಂದು ಹೇಳಿದ್ದ ವ್ಯವಸ್ಥೆ ಮತ್ತೊಮ್ಮೆ ಬಂದು ನಿಂತಿತು.

ಅರ್ಜಿಯ ಪದ್ಧತಿ ಯಾರಿಗೆ ಒಲಿಯುತ್ತದೆ ಎಂಬುದನ್ನೂ ನೋಡಬೇಕು. ಕಟ್ಟಡದ ಸ್ಥಿತಿಯ ವರದಿ ಬರೆಯಲು ಎಂಜಿನಿಯರ್ ಬೇಕು, ದಾಖಲೆ ಇಡಲು ಸಿಬ್ಬಂದಿ ಬೇಕು, ಹಿಂದೆ ಬಿದ್ದು ಕೇಳಲು ಪುರುಸೊತ್ತಿರುವ ಅಧಿಕಾರಿ ಬೇಕು. ಸಾವಿರಾರು ಮಕ್ಕಳಿರುವ ನಗರದ ಜಿಲ್ಲೆಯಲ್ಲಿ ಇದಕ್ಕೆಂದೇ ವಿಭಾಗ ಇರುತ್ತದೆ. ಒಂದೇ ಶಾಲೆಯ ಗ್ರಾಮೀಣ ಜಿಲ್ಲೆಯಲ್ಲಿ ಮುಖ್ಯೋಪಾಧ್ಯಾಯರೇ ಅಧೀಕ್ಷಕರೂ ಆಗಿರುತ್ತಾರೆ. ನಿಯಮಿತ ನಿರ್ವಹಣೆಯ ದಾಖಲೆ ಕೊಡಿ ಎಂಬ ಷರತ್ತು ಕೇಳಲು ಸಮಂಜಸವಾಗಿದೆ. ಆದರೆ ನಿರ್ವಹಣೆಗೆ ಹಣವಿಲ್ಲದೆ ಬಿದ್ದ ಜಿಲ್ಲೆಗೆ ಆ ಷರತ್ತೇ ಬಾಗಿಲು ಮುಚ್ಚುತ್ತದೆ. ಅತಿ ಹೆಚ್ಚು ಅಗತ್ಯವಿರುವವರಿಗೇ ಅತಿ ಹೆಚ್ಚು ಕಷ್ಟವಾಗುವ ನಿಯಮವನ್ನು, ಬರೆದವರ ಉದ್ದೇಶ ಏನೇ ಇರಲಿ, ನ್ಯಾಯಯುತ ಎನ್ನಲಾಗದು.

ಸೂತ್ರದ ವಿರುದ್ಧವೂ ಹೇಳಬಹುದಾದ ಮಾತುಗಳಿವೆ, ಅವು ಹಗುರವಾದವಲ್ಲ. ಸೂತ್ರವು ಚೆನ್ನಾಗಿ ನೋಡಿಕೊಂಡ ಕಟ್ಟಡಕ್ಕೂ ನಿರ್ಲಕ್ಷಿಸಿದ ಕಟ್ಟಡಕ್ಕೂ ಒಂದೇ ಹಣ ಕೊಡುತ್ತದೆ. ತುರ್ತಿಲ್ಲದ ಜಿಲ್ಲೆಯ ಖಾತೆಯಲ್ಲಿ ಹಣ ಕೂತಿರುವಾಗ ತುರ್ತಿರುವ ಜಿಲ್ಲೆ ಕಾಯಬೇಕಾಗುತ್ತದೆ. ಖಜಾನೆ ಬರಿದಾದ ವರ್ಷ ಇರುವ ಅಲ್ಪ ಹಣವನ್ನು ಅತ್ಯಂತ ಹಾಳಾದ ಕಡೆಗೆ ಮೊದಲು ಕಳಿಸುವುದೇ ವಿವೇಕ. ಇವುಗಳಲ್ಲಿ ಕೊನೆಯದನ್ನು ನಾನು ಒಪ್ಪುತ್ತೇನೆ. ಆದರೆ ಅದು ಒಂದೆರಡು ಕೆಟ್ಟ ವರ್ಷಗಳ ಏರ್ಪಾಡಾಗಬಹುದೇ ಹೊರತು ಶಾಶ್ವತ ನೀತಿಯಾಗಬಾರದು. ಅರಿಝೋನಾದಲ್ಲಿ ಆರ್ಥಿಕತೆ ಚೇತರಿಸಿಕೊಂಡ ಮೇಲೂ ಸೂತ್ರ ಮರಳಲಿಲ್ಲ; ತುರ್ತಿಗೆಂದು ತಂದದ್ದೇ ನಿಯಮವಾಗಿ ನಿಂತಿತು.

ಗ್ಲೆಂಡೇಲ್‌ನ ಗೋಡೆಗಳು

2016ರಲ್ಲಿ ಫೀನಿಕ್ಸಿಗೆ ಹೊಂದಿಕೊಂಡಿರುವ ಗ್ಲೆಂಡೇಲ್ ಪ್ರಾಥಮಿಕ ಶಾಲಾ ಜಿಲ್ಲೆ, ಹೊರಗೋಡೆಗಳ ರಚನೆಯಲ್ಲಿ ದೋಷ ಕಂಡುಬಂದ ಕಾರಣ ಎರಡು ಶಾಲೆಗಳನ್ನು ಶಾಲಾ ವರ್ಷದ ಆರಂಭದಲ್ಲೇ ಮುಚ್ಚಿ ಮಕ್ಕಳನ್ನು ಬೇರೆ ಶಾಲೆಗಳಿಗೆ ಕಳಿಸಬೇಕಾಯಿತು. ಆಮೇಲೆ ಸಿಕ್ಕ ತುರ್ತು ನೆರವು ಗೋಡೆಗಳಿಗೆ ಸಾಕಾಗಬಹುದು. ಚದುರಿಹೋದ ತರಗತಿಗಳನ್ನು, ದೂರದ ಬಸ್ ಪ್ರಯಾಣದಲ್ಲಿ ಕಳೆದ ಹೊತ್ತನ್ನು ಅದು ತುಂಬಿಕೊಡಲಾರದು. 2017ರ ಮೇ ತಿಂಗಳಲ್ಲಿ ಗ್ಲೆಂಡೇಲ್ ಮತ್ತಿತರ ಜಿಲ್ಲೆಗಳು, ಶಿಕ್ಷಣ ಸಂಘಟನೆಗಳೊಂದಿಗೆ ಸೇರಿ ರಾಜ್ಯದ ಮೇಲೆ ಹೊಸ ಮೊಕದ್ದಮೆ ಹೂಡಿದವು. ಅದರ ವಿಚಾರಣೆ ನಡೆದದ್ದು 2024ರಲ್ಲಿ. ಮಾರಿಕೋಪಾ ಕೌಂಟಿಯ ಉನ್ನತ ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶ ಡ್ವೇನ್ ಫಾಕ್ಸ್ 2025ರ ಆಗಸ್ಟಿನಲ್ಲಿ ತೀರ್ಪು ಕೊಟ್ಟು, ರಾಜ್ಯದ ವ್ಯವಸ್ಥೆ ಎಲ್ಲ ಜಿಲ್ಲೆಗಳೂ ಕನಿಷ್ಠ ಮಟ್ಟದಲ್ಲಿರುವಂತೆ ನೋಡಿಕೊಳ್ಳುತ್ತಿಲ್ಲ, ಜಿಲ್ಲೆಗಳು ಸ್ಥಳೀಯ ಬಾಂಡುಗಳನ್ನು ಅವಲಂಬಿಸುವಂತಾಗಿ ಅಂತರ ಬೆಳೆದಿದೆ ಎಂದು ಹೇಳಿದರು. ಇದು ವಿಚಾರಣಾ ನ್ಯಾಯಾಲಯದ ತೀರ್ಪು. ಮೇಲಿನ ನ್ಯಾಯಾಲಯಗಳ ಹಾದಿ ಇನ್ನೂ ಇದೆ.

ಈ ನಡುವೆ ರೂಸ್‌ವೆಲ್ಟ್ ಜಿಲ್ಲೆಯ ಸ್ಥಿತಿಯೂ ಬದಲಾಗಿದೆ. ಮಕ್ಕಳ ಸಂಖ್ಯೆ ಇಳಿದದ್ದರಿಂದ ಅದರ ಮಂಡಳಿ 2024ರ ಡಿಸೆಂಬರಿನಲ್ಲಿ ಐದು ಶಾಲೆಗಳನ್ನು ಮುಚ್ಚಲು ನಿರ್ಧರಿಸಿತು. ರಾಜ್ಯದಲ್ಲಿ ಚಾರ್ಟರ್ ಶಾಲೆಗಳು, ಅಂದರೆ ಸರ್ಕಾರದ ಹಣದಿಂದ ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆಗಳು, ಬೆಳೆದಿವೆ. 2022ರಿಂದ ಯಾವ ಮಗುವಾದರೂ ಸರ್ಕಾರದ ಹಣವನ್ನು ಖಾಸಗಿ ಶಾಲೆಗೆ ಒಯ್ಯುವ ಅವಕಾಶವೂ ಇದೆ. ಇದು ಕಟ್ಟಡಗಳ ನ್ಯಾಯಕ್ಕೆ ಹೊಸದೊಂದು ಕಷ್ಟದ ಪ್ರಶ್ನೆಯನ್ನು ತಂದಿದೆ. ಹಣವನ್ನು ಮಕ್ಕಳ ತಲೆ ಎಣಿಸಿ ಕೊಟ್ಟರೆ, ಮಕ್ಕಳು ಕಡಿಮೆಯಾದ ಹಳೆಯ ಕಟ್ಟಡದಲ್ಲಿ ಉಳಿದವರಿಗೆ ಮಾಳಿಗೆಯ ಹಣ ಸಾಲದಾಗುತ್ತದೆ, ಏಕೆಂದರೆ ಅರ್ಧ ಮಕ್ಕಳು ಹೋದರೆ ಮಾಳಿಗೆಯೇನೂ ಅರ್ಧವಾಗುವುದಿಲ್ಲ. ಕಟ್ಟಡವನ್ನೇ ಎಣಿಸಿ ಕೊಟ್ಟರೆ, ಖಾಲಿ ಕೊಠಡಿಗಳಿಗೂ ಹಣ ಹೋಗುತ್ತದೆ ಎಂಬ ಆಕ್ಷೇಪ ಬರುತ್ತದೆ. ನನ್ನ ನಿಲುವು ಕಟ್ಟಡದ ವಯಸ್ಸು ಮತ್ತು ಬಳಕೆಯಲ್ಲಿರುವ ವಿಸ್ತೀರ್ಣವನ್ನು ಆಧಾರವಾಗಿಟ್ಟ ಸೂತ್ರದ ಕಡೆಗಿದೆ. ಅದರ ಜೊತೆಗೆ ಕಟ್ಟಡಗಳ ಸ್ಥಿತಿಯನ್ನು ಗೊತ್ತಾದ ಅವಧಿಗೊಮ್ಮೆ ರಾಜ್ಯವೇ ತನ್ನ ಎಂಜಿನಿಯರುಗಳಿಂದ ಪರಿಶೀಲಿಸಿ ಪ್ರಕಟಿಸಬೇಕು. ಶಾಲೆಯೊಂದನ್ನು ಉಳಿಸಬೇಕೋ ವಿಲೀನಗೊಳಿಸಬೇಕೋ ಎಂಬ ತೀರ್ಮಾನವನ್ನು ಊರಿನವರ ಎದುರು, ಆ ವರದಿಯನ್ನು ಮುಂದಿಟ್ಟುಕೊಂಡು ಮಾಡಬೇಕು. ದುರಸ್ತಿಗೆ ಹಣ ತಡೆಹಿಡಿದು, ಕಟ್ಟಡ ತಾನಾಗಿ ಯೋಗ್ಯತೆ ಕಳೆದುಕೊಳ್ಳುವವರೆಗೆ ಕಾದು, ಆ ಕಾರಣಕ್ಕೇ ಶಾಲೆಯನ್ನು ಮುಚ್ಚುವ ಅವಕಾಶ ಯಾವ ಸರ್ಕಾರಕ್ಕೂ ಇರಬಾರದು.

ಫಾಕ್ಸ್ ಅವರ ತೀರ್ಪು ಮೇಲ್ಮನವಿಯಲ್ಲಿ ಉಳಿದರೆ ಅರಿಝೋನಾದ ಶಾಸಕಾಂಗ 1998ರಲ್ಲಿ ಕುಳಿತಿದ್ದ ಮೇಜಿಗೇ ಮತ್ತೆ ಬಂದು ಕೂರಬೇಕಾಗುತ್ತದೆ. ಸೂತ್ರವನ್ನು ಹೊಸದಾಗಿ ಕಂಡುಹಿಡಿಯುವ ಅಗತ್ಯ ಅದಕ್ಕಿಲ್ಲ, ಹಳೆಯದು ಕಡತದಲ್ಲೇ ಇದೆ. ಬೇಕಾಗಿರುವುದು ಆ ಸೂತ್ರಕ್ಕೆ ಜೋಡಿಸಿದ, ಬಜೆಟ್ಟಿನ ವರ್ಷವರ್ಷದ ಚೌಕಾಸಿಗೆ ಸಿಗದ ಆದಾಯದ ಮೂಲ. 301ನೆಯ ಪ್ರಸ್ತಾವದ ಮಾರಾಟ ತೆರಿಗೆಯನ್ನು 2018ರಲ್ಲಿ ಶಾಸಕಾಂಗ 2041ರವರೆಗೆ ವಿಸ್ತರಿಸಿತು, ಮತ್ತು ಹಳೆಯ 80 ಕೋಟಿ ಬಾಂಡಿನ ಕಂತು ಮುಗಿದಾಗ ಅಲ್ಲಿ ಬಿಡುವಾದ ಹಣವನ್ನು ಕಟ್ಟಡಗಳ ನವೀಕರಣಕ್ಕೇ ಕಾಯಂ ಆಗಿ ಮೀಸಲಿಡುವ ಅವಕಾಶ ಆಗ ಶಾಸಕರ ಕೈಯಲ್ಲೇ ಇತ್ತು.